ಹೊಸ್ಲು ದಾಟ್ಬೇಡ, ಜಗಲಿ ಮೇಲೇ ಬಡುಸ್ತೀನಿ

ಕುಣಿಗಲ್ ಬಸ್ ಸ್ಟ್ಯಾಂಡಲ್ಲಿ ಸಂಜೆ ತುಮಕೂರು ಬಸ್ಸಿಗೆ ಕಾಯ್ತಾ ಕೂತಿದ್ದ ವನಜಾಕ್ಷಿಗೆ, ಬೇಡ ಅಂದ್ರೂ ಪಕ್ಕದವರ ಮಾತು ಕಿವಿಗೆ ಬೀಳ್ತಾನೇ ಇತ್ತು. ಅಮೃತೂರಲ್ಲಿ ತಿಥಿ ಮುಗಿಸ್ಕೊಂಡು ಬಂದ ಅಕ್ಕ, ತಮ್ಮ. ಅಕ್ಕನ ಮನೆ ಇಲ್ಲೇ ಕುಣಿಗಲ್ಲಲ್ಲಿ, ತಮ್ಮನದು ಗುಬ್ಬಿ.

“ರಾತ್ರಿ ಊಟ ಮುಗಿಸ್ಕೊಂಡು ಹೋಗೋ. ಹಿತಕಿದ ಬೇಳೆ ಸಾರು ಬೆಳಿಗ್ಗೇನೇ ಮಾಡಿಟ್ಟು ಬಂದಿದೀನಿ. ಮುದ್ದೆ ತಿರುವೋದೊಂದೇ ಬಾಕಿ.”

“ತಿಥಿಯಿಂದ ಬಂದೋರು ಇನ್ನೊಬ್ರ ಮನೆ ಹೊಸ್ಲು ತುಳೀಬಾರ್ದು ಕಣಕ್ಕ. ನಿಂಗೇ ಒಳ್ಳೇದಲ್ಲ.”

“ನಂಗೇನಾಗ್ಬೇಕೋ? ಆ ಮನೇಲಿರೋಳು ನಾನೊಬ್ಳು.”

“ಹಂಗೆಲ್ಲ ಅನ್ಬೇಡ. ಇನ್ನೊಂದ್ಸಲ ನೋಡಾಣ ಬುಡು.”

“ದೊಡ್ಡಪ್ಪನ ತಿಥೀಲೂ ಹಿಂಗೇ ಅಂದೆ. ಸೋದರತ್ತೆ ತಿಥೀಲೂ ಇದೇ ಮಾತು. ಯಾರಾದ್ರೂ ಸತ್ರೆ ತಾನೇ ನೀನು ಈ ಕಡೆ ತಲೆ ಹಾಕೋದು?”

ತಮ್ಮ ಬಸ್ಸಿನ ಬೋರ್ಡುಗಳನ್ನು ನೋಡ್ತಾ ನಿಂತ.

“ಹೋಗ್ಲಿ, ಹೊಸ್ಲು ದಾಟ್ಬೇಡ. ಜಗಲಿ ಮೇಲೇ ಬಡುಸ್ತೀನಿ. ಎರಡು ತುತ್ತು ತಿಂದು ಹೋಗು.”

“ನೋಡ್ದೋರು ಏನಂದ್ಕೊಂತಾರೆ? ಗುಬ್ಬಿ ಬಸ್ ಬಂತು ಕಣಕ್ಕ.”

ಅವನು ಹತ್ತಿ ಕಿಟಕಿ ಪಕ್ಕ ಕೂತ. ಅಕ್ಕ ಕಿಟಕಿ ಸರಳು ಹಿಡ್ಕೊಂಡಳು.

“ಹೋಗ್ಬರ್ತೀನಿ ಅಂತಾದ್ರೂ ಅನ್ನೋ.”

“ತಿಥಿ ದಿನ ಹಂಗೂ ಅನ್ಬಾರ್ದು, ಅಕ್ಕ.”

ಬಸ್ಸು ಹೊರಟಿತು. ಅದು ತಿರುವು ದಾಟಿ ಮರೆಯಾದ ಮೇಲೆ ಅಕ್ಕ “ಹೋಗ್ಬಾರಪ್ಪ” ಅಂದಳು. ವನಜಾಕ್ಷಿಗೆ ಬಿಟ್ಟರೆ ಅದು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಸೆರಗು ಹೊದ್ಕೊಂಡು, ಒಂದು ಮುದ್ದೆ ತಿರುವೋಕೆ ಮನೆ ಕಡೆ ನಡೆದಳು.