ಕಾಯುವ ಪಟ್ಟಿಯಲ್ಲಿದ್ದ ಹೆಸರು

ದುಬೈಯ ಬ್ರಿಟಿಷ್ ಶಾಲೆಯೊಂದರಲ್ಲಿ ಮಗಳ ಪ್ರವೇಶಕ್ಕಾಗಿ ಕಾಯುತ್ತಿದ್ದೆ. ಪಕ್ಕದ ಸೋಫಾದಲ್ಲಿ ವೇಲ್ಸ್ ಕಡೆಯ ಗಂಡಹೆಂಡತಿ ತಮ್ಮ ಮಗ ಐವೊನ ಅರ್ಜಿ ತುಂಬುತ್ತಿದ್ದರು.

“ಅಣ್ಣನೋ ಅಕ್ಕನೋ ಇದೇ ಶಾಲೇಲಿ ಇದಾರಾ ಅಂತ ಕೇಳಿದಾರೆ, ರೋದ್ರಿ. ಇದ್ರೆ ತಮ್ಮಂಗೆ ಮೊದಲು ಸೀಟು.”

“ಇಲ್ಲ ಅಂತ ಬರಿ.”

“ಅವನಕ್ಕ ನೆಸ್ಟಾಗೆ ಸೀಟು ಸಿಕ್ಕಿದೆಯಲ್ಲ.”

“ಬೆಥನ್, ಆ ಕಾಗದ ಬಂದಿದ್ದು ಹೋದ ತಿಂಗಳು. ಅವಳನ್ನ ಮಣ್ಣು ಮಾಡಿ ವರ್ಷ ಆಯ್ತು.”

“ಬರ್ತಾಳೆ ಅಂತ ಉತ್ತರ ಕಳಿಸಿದೀನಿ.”

“ಏನಂದೆ?”

“ಅವಳು ಹುಟ್ಟಿದ ವಾರಾನೇ ಇಲ್ಲಿ ಕಾಯುವ ಪಟ್ಟೀಲಿ ಹೆಸರು ಬರೆಸಿದ್ವಿ. ಬೇಡ ಅಂತ ಬರೆಯೋಕೆ ಕೈ ಬರಲಿಲ್ಲ.”

“ಹುಚ್ಚೇನೇ ನಿಂಗೆ? ಇವತ್ತೇ ಹೇಳಿ ತೆಗೆಸ್ಬೇಕು.”

“ನೀನೇ ಹೇಳು.”

“ಹೇಳ್ತೀನಿ.”

“ಹೇಳು ಮತ್ತೆ. ಮನೇಲಂತೂ ಅವಳ ಹೆಸರೆತ್ತೋಕೆ ಬಿಡಲ್ಲ ನೀನು.”

ಬಾಗಿಲು ತೆರೆಯಿತು. ಕಚೇರಿಯ ಹೆಂಗಸು ಫೈಲು ನೋಡಿ ನಗುತ್ತ ಕೂಗಿದಳು: “ನೆಸ್ಟಾ ಅವರ ತಂದೆತಾಯಿ ಬಂದಿದಾರಾ?”

ಬೆಥನ್ ಕೂತೇ ಇದ್ದಳು. ಎದ್ದು ನಿಂತವನು ರೋದ್ರಿ.

“ಬಂದಿದೀವಿ,” ಎಂದ. ಆಮೇಲೆ ತಡೆದು ಕೇಳಿದ, “ಇನ್ನೊಂದ್ಸಲ ಹೇಳ್ತೀರಾ, ಯಾರ ತಂದೆತಾಯಿ?”

ಆಕೆ ಹೇಳಿದಳು. ಹೆಂಡತಿಯ ಕೈ ಹಿಡಿದು ಎಬ್ಬಿಸಿಕೊಂಡು ಅವನು ಒಳಗೆ ಹೋದ.