ಝೆನಾನ್ ಬಾಟಲಿಗೆ ಎರಡನೇ ಸಹಿ

ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ಮೊದಲ ಸಾಲಿನಲ್ಲಿ ಕುಳಿತು ಈಗಲೇ ಕಣ್ಣೊರೆಸಿಕೊಳ್ಳುತ್ತಿರುವ ನನ್ನ ತಂಗಿಯೇ, ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕುಳಿತಿರುವ ನಮ್ಮ ಪ್ರಯೋಗಾಲಯದ ಸ್ಟೋರ್‌ಕೀಪರರೇ, ಊಟ ಯಾವಾಗ ಎಂದು ಗಡಿಯಾರ ನೋಡುತ್ತಿರುವ ಸಭಿಕರೇ,

ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವಳನ್ನು ಬೀಳ್ಕೊಡುವಾಗ ಐದೇ ನಿಮಿಷ ಕೊಟ್ಟಿದ್ದೀರಿ. ಮೂಲಧಾತುಗಳೇ ನೂರ ಹದಿನೆಂಟಿವೆ. ಯಾವುದನ್ನು ಹೇಳಲಿ, ಯಾವುದನ್ನು ಬಿಡಲಿ?

ರಂಜಕವನ್ನೇ ನೋಡಿ. ಹಿಂದೆ ಒಬ್ಬ ಮಹಾಶಯ ಚಿನ್ನ ಮಾಡುತ್ತೇನೆಂದು ಹೊರಟು ಬಕೆಟ್‌ಗಟ್ಟಲೆ ಮೂತ್ರ ಕುದಿಸಿದ. ಚಿನ್ನ ಸಿಗಲಿಲ್ಲ, ಕತ್ತಲಲ್ಲಿ ಹೊಳೆಯುವ ರಂಜಕ ಸಿಕ್ಕಿತು. ಆ ಮನೆಯವರ ಮೂಗಿನ ಗತಿ ಏನಾಗಿರಬೇಕು? ಇನ್ನು ಹೀಲಿಯಂ. ನಮ್ಮ ನೆಲದಲ್ಲೇ ಇದ್ದ ಅದು ಮೊದಲು ಪತ್ತೆಯಾದದ್ದು ಸೂರ್ಯನ ಬೆಳಕಿನಲ್ಲಿ. ಕಾಲಬುಡದಲ್ಲಿ ಇದ್ದದ್ದನ್ನು ಬಿಟ್ಟು ಆಕಾಶ ನೋಡುವುದು ವಿಜ್ಞಾನಿಗಳ ಚಟವೇ? ನಾನೂ ಹತ್ತೊಂಬತ್ತು ವರ್ಷ... ಇರಲಿ ಬಿಡಿ.

ಗ್ಯಾಲಿಯಂ ಅಂಗೈ ಬಿಸಿಗೇ ಕರಗುವ ಲೋಹ. ಪ್ರಾಂಶುಪಾಲರೇ, ತಾವು ಅಧಿಕಾರ ವಹಿಸಿಕೊಂಡ ದಿನ ಚಹಾದಲ್ಲಿ ಆಡಿಸಿದ ಚಮಚ ಅರ್ಧಕ್ಕರ್ಧ ಮಾಯವಾಯಿತಲ್ಲ, ಅದು ಗ್ಯಾಲಿಯಂ ಚಮಚ. ಅಚ್ಚು ಹೊಯ್ದವಳು ನಾನು. ತಾವು ಕೆಂಡಾಮಂಡಲವಾಗಿ ವಿಚಾರಿಸಿದಾಗ ನಾನು ಬಾಯಿ ತೆರೆಯುವ ಮೊದಲೇ ಸ್ಟೋರ್‌ಕೀಪರರು ಎದ್ದು ನಿಂತು ತಪ್ಪು ತಮ್ಮದೆಂದರು. ತಾವು ಅರ್ಧ ಗಂಟೆ ಬೈದಿರಿ. ಅವರು ತಲೆ ತಗ್ಗಿಸಿ ಕೇಳಿದರು. ಹೊರಗೆ ಬಂದು, ಮುಂದಿನ ಸಲ ಹಿಡಿಕೆ ಸ್ವಲ್ಪ ದಪ್ಪ ಮಾಡಿ ಎಂದು ನನಗೆ ಸಲಹೆ ಕೊಟ್ಟರು. ಅಂಥ ಮನುಷ್ಯ ಅವರು.

ಅವರದೊಂದು ನಿಯಮವಿದೆ. ಅಪಾಯದ ಬಾಟಲಿ ಯಾವುದೇ ಇರಲಿ, ಚೀಟಿಯ ಮೇಲೆ ಇಬ್ಬರ ಸಹಿ ಬೀಳದೆ, ಆ ಇಬ್ಬರೂ ಹತ್ತಿರವಿರದೆ ಮುಚ್ಚಳ ತೆರೆಯುವಂತಿಲ್ಲ. ಬ್ರೋಮಿನ್ ಇರಲಿ, ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಇರಲಿ, ಹತ್ತೊಂಬತ್ತು ವರ್ಷಗಳಿಂದ ಕೆಳಗೆ ಅವರ ಸಹಿ, ಪಕ್ಕದಲ್ಲಿ ನನ್ನದು. ಈಚೆಗೆ ಅಡುಗೆ ಉಪ್ಪಿನ ಡಬ್ಬಕ್ಕೂ ನನ್ನ ಸಹಿ ಕೇಳತೊಡಗಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮಕ್ಕಳು ನನಗಿಟ್ಟ ಹೆಸರು ಝೆನಾನ್ ಮೇಡಂ. ಯಾರೊಂದಿಗೂ ಸೇರದ ಅನಿಲವಂತೆ. ಹಾಗೆಂದು ಕಲಿಸಿದವಳೂ ನಾನೇ. ನನ್ನ ಗುರುಗಳ ಹಳೇ ಟಿಪ್ಪಣಿಯನ್ನು ಕಣ್ಣುಮುಚ್ಚಿ ಓದುತ್ತಿದ್ದೆ. ಒಂದು ದಿನ ಪಾಠ ಮುಗಿದ ಮೇಲೆ, ಮಕ್ಕಳೆಲ್ಲ ಹೋಗುವವರೆಗೂ ಕಾದು, ಸ್ಟೋರ್‌ಕೀಪರರು ಮೆಲ್ಲಗೆ ಹೇಳಿದರು: “ಮೇಡಂ, ಝೆನಾನ್ ಸೇರುತ್ತೆ. ಸರಿಯಾದ ಜೊತೆ ಸಿಗಬೇಕು ಅಷ್ಟೆ.” ಪುಸ್ತಕ ತೆಗೆದು ನೋಡಿದರೆ, ಅದು ಸೇರುತ್ತದೆಂದು ನಾನು ಹುಟ್ಟುವ ಮೊದಲೇ ತೋರಿಸಿಬಿಟ್ಟಿದ್ದರು! ಪಾಠ ತಿದ್ದಿಕೊಂಡೆ. ಹೆಸರು ಮಾತ್ರ ಅಂಟಿಕೊಂಡಿತು.

ಮೂರು ವಾರದ ಹಿಂದೆ ಅವರು ನನ್ನ ಮೇಜಿನ ಮೇಲೆ ಒಂದು ಬಾಟಲಿ ಇಟ್ಟರು. ನೋಡಲು ಖಾಲಿ. ಚೀಟಿಯಲ್ಲಿ ‘ಝೆನಾನ್’ ಎಂದಿತ್ತು, ಕೆಳಗೆ ಅವರ ಸಹಿಯಿತ್ತು. ಪಕ್ಕದ ಜಾಗ ಖಾಲಿ. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷವಾದ ಮನುಷ್ಯ, ಬಾಟಲಿಯನ್ನು ನನ್ನತ್ತ ಸರಿಸಿ ಹೇಳಿದರು: “ಸಹಿ ಹಾಕಿದ್ರೆ ಮದುವೆ ಆಗೋಣ ಮೇಡಂ. ಇಲ್ಲಾಂದ್ರೆ ನಿವೃತ್ತಿ ದಿನ ಬಾಟಲಿ ವಾಪಸ್ ಕೊಡಿ, ಅದು ಸ್ಟೋರ್‌ದು.”

ತಂಗಿಗೆ ತೋರಿಸಿದೆ. “ಅರವತ್ತಕ್ಕೆ ಇದೆಲ್ಲ ಬೇಕಾ ಅಕ್ಕಾ? ಜನ ಏನಂತಾರೆ?” ಎಂದಳು. ಅಂದಿನಿಂದ ಬಾಟಲಿ ನನ್ನ ಚೀಲದಲ್ಲೇ ಇದೆ. ಬೆಳಿಗ್ಗೆ ವಾಪಸ್ ಕೊಡೋಣ ಅನ್ನಿಸುತ್ತದೆ, ಸಂಜೆಗೆ ಬಿಡಲು ಮನಸ್ಸಾಗುವುದಿಲ್ಲ. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಇದನ್ನು ಇಲ್ಲಿ ಹೇಳಬೇಕೆಂದೂ ಇರಲಿಲ್ಲ, ಬರೆದು ತಂದ ಭಾಷಣ ಸೋಡಿಯಂವರೆಗೆ ಮಾತ್ರ ಇತ್ತು. ಆದರೆ ಏನಂತಾರೋ ಎಂದು ನಾವು ಹೆದರಿದ ಜನ ಎಲ್ಲರೂ ಇಲ್ಲೇ ಕೂತಿದ್ದೀರಿ, ನಗುತ್ತಿದ್ದೀರಿ. ತಂಗಿಯೂ ನಗುತ್ತಿದ್ದಾಳೆ.

ಪ್ರಾಂಶುಪಾಲರೇ, ಒಂದು ನಿಮಿಷ ತಮ್ಮ ಪೆನ್ನು ಕೊಡುತ್ತೀರಾ? ಇಲ್ಲ, ಇದು ಕರಗುವುದಿಲ್ಲ.

ಆಯಿತು. ದಿನಾಂಕವನ್ನೂ ಬರೆದಿದ್ದೇನೆ.

ಪೆನ್ನಿಗಾಗಿ ಅಧ್ಯಕ್ಷರಿಗೆ, ಊಟ ತಡವಾದರೂ ಏಳದ ಸಭಿಕರಿಗೆ ನಾನು ಋಣಿ. ಸ್ಟೋರ್‌ಕೀಪರರೇ, ಮುಚ್ಚಳ ತೆರೆಯುವಾಗ ಸಹಿ ಹಾಕಿದ ಇಬ್ಬರೂ ಹತ್ತಿರವಿರಬೇಕೆಂಬುದು ನಿಮ್ಮದೇ ನಿಯಮ. ಕಂಬ ಬಿಟ್ಟು ಈಚೆ ಬನ್ನಿ.

ಎಲ್ಲರಿಗೂ ನಮಸ್ಕಾರ.