ದಿಬ್ಬಣವಿಲ್ಲದ ಮದುಮಗ

ಒಂದು ಊರಿತ್ತು. ಊರು ಅಂದಮೇಲೆ ಒಬ್ಬ ಶ್ರೀಮಂತ ಇರಲೇಬೇಕಲ್ಲ, ಇದ್ದ. ಅವನದು ಮಂಡಕ್ಕಿ ಭಟ್ಟಿ. ಮಂಡಕ್ಕಿ ಭಟ್ಟಿಯನ್ನು ನೀವೆಲ್ಲ ನೋಡಿದ್ದೀರಿ. ಮಂಡಕ್ಕಿ ಮಲ್ಲಿಗೆಯಷ್ಟು ಬಿಳಿ, ಅದನ್ನು ಹುರಿಯುವವರು ಒಲೆಯ ಕಲ್ಲಿನಷ್ಟು ಕಪ್ಪು. ಗೋಡೆಗೆ ಮಸಿ, ಸೂರಿಗೆ ಮಸಿ, ಕ್ಯಾಲೆಂಡರಿನಲ್ಲಿರುವ ದೇವರ ಮುಖಕ್ಕೂ ಮಸಿ. ಅಲ್ಲಿ ಕೆಲಸ ಮಾಡುವವರ ಬಟ್ಟೆ ಹೇಗಿರುತ್ತದೆ? ಒಂದು ಲುಂಗಿ, ಒಂದು ತೂತು ಬನಿಯನ್. ಸಾವ್ಕಾರನದೂ ಅದೇ. ಅವನ ಬನಿಯನ್ನಿನ ತೂತು ಮಾತ್ರ ಸ್ವಲ್ಪ ದೊಡ್ಡದು, ಶ್ರೀಮಂತನಲ್ಲವೇ!

ಆ ಭಟ್ಟಿಗೆ ಚೀಲದ ಬಾಯಿ ಹೊಲಿಯಲು ಒಬ್ಬ ಸೇರಿಕೊಂಡ. ಹೆಸರು ಕರಿಬಸಪ್ಪ, ಅಂಗಿ ಹಾಲಿನಂಥ ಬಿಳುಪು. ಅದರ ಇಸ್ತ್ರಿಯ ಗೆರೆ ಎಂಥದ್ದು ಅಂತೀರಿ, ಸೌತೆಕಾಯಿ ಹೆಚ್ಚಬಹುದಿತ್ತು. ತೋಳಿನ ಗುಂಡಿ ಹಾಕಿ, ಶುಭ್ರವಾದ ಪಂಚೆ ಉಟ್ಟು, ತಲೆ ಬಾಚಿ, ವಿಭೂತಿ ಧರಿಸಿ ಬರುತ್ತಿದ್ದ. ಬಂದು ಮಾಡುವ ಕೆಲಸವೇನು? ಬಾಗಿಲ ಪಕ್ಕ ಕುಳಿತು, ಮಡಿಲಿಗೊಂದು ಒಗೆದ ಗೋಣಿ ಹಾಸಿಕೊಂಡು, ಬೆರಳುದ್ದದ ದಪ್ಪ ಸೂಜಿಯಿಂದ, ನಾವು ದಬ್ಬಣ ಅನ್ನುತ್ತೇವಲ್ಲ ಅದರಿಂದ, ಚೀಲ ಹೊಲಿಯುವುದು!

ಜೊತೆಯವರು ಬಿಟ್ಟಾರೆಯೇ? ಮೊದಲ ದಿನವೇ ಹೆಸರಿಟ್ಟರು, ಮದುಮಗ.

"ಮದುಮಗ ಬಂದ್ನಪ್ಪೋ! ದಿಬ್ಬಣ ಎಲ್ಲಿ ಬಿಟ್ಟುಬಂದ್ಯೋ?"

ಅವನು ದಬ್ಬಣ ಎತ್ತಿ ತೋರಿಸುತ್ತಿದ್ದ. "ದಿಬ್ಬಣ ಇಲ್ಲಪಾ, ದಬ್ಬಣ ಐತಿ. ನಿನ್ನ ಬನೀನು ಇತ್ತಾಗೆ ತಾ, ತೂತು ಹೊಲ್ಕೊಡ್ತೀನಿ."

ಭಟ್ಟಿಯೆಲ್ಲ ನಗುತ್ತಿತ್ತು. ಸಾವ್ಕಾರನೂ ನಗುತ್ತಿದ್ದ. ಎಲ್ಲಿಯವರೆಗೆ ನಕ್ಕ? ಪರರ ಮೇಲಿನ ನಗೆ ತನ್ನ ಕಾಲಿಗೇ ತೊಡರುವವರೆಗೆ.

ಒಂದು ಗುರುವಾರ ಪರವೂರಿನ ವ್ಯಾಪಾರಿಯೊಬ್ಬ ಬಂದ. ಬಾಗಿಲಲ್ಲಿ ಬಿಳಿ ಅಂಗಿ ಕಂಡಿತು. ಸೊಂಟ ಬಗ್ಗಿಸಿ ಕೈಮುಗಿದ. "ನಮಸ್ಕಾರ ಸಾವ್ಕಾರ್ರೇ, ನಿಮ್ಮ ಹೆಸರು ಬಾಳ ಕೇಳಿದ್ದೆ." ಪಕ್ಕದಲ್ಲಿ ಲುಂಗಿ ಎತ್ತಿ ಕಟ್ಟಿ ನಿಂತಿದ್ದ ನಿಜವಾದ ಸಾವ್ಕಾರನ ಕಡೆ ತಿರುಗಿ ಏನೆಂದ ಗೊತ್ತೇ? "ಏಯ್, ಈ ಬ್ಯಾಗು ಹಿಡ್ಕಾ. ಹಂಗೇ ಒಂದು ಚೆಂಬು ನೀರು ತಾ."

ನೋಡಿ, ಬೈಗುಳ ಮರೆಯಬಹುದು, ಏಟು ಮರೆಯಬಹುದು. ಬ್ಯಾಗು ಹಿಡಿದದ್ದನ್ನು ಶ್ರೀಮಂತ ಮರೆಯುವುದುಂಟೇ? ಕರಿಬಸಪ್ಪ ತಟ್ಟನೆ ಎದ್ದು, "ಇವ್ರೇ ನಮ್ಮ ಯಜಮಾನ್ರು ರೀ" ಎಂದು ಬ್ಯಾಗು ತಾನು ತೆಗೆದುಕೊಂಡ. ಆದರೇನು, ಭಟ್ಟಿಯ ಮೂಲೆಯಲ್ಲಿ ಯಾರೋ ಕಿಸಕ್ಕೆಂದಿದ್ದರು. ಆ ಕಿಸಕ್ಕು ಸಾವ್ಕಾರನ ಕಿವಿಯಲ್ಲೇ ಉಳಿಯಿತು. ಊಟಕ್ಕೆ ಕೂತರೂ ಕಿಸಕ್ಕು, ಮಲಗಿದರೂ ಕಿಸಕ್ಕು.

ಶನಿವಾರ ಸಂಜೆ ಕರೆದು ಹೇಳಿಯೇಬಿಟ್ಟ. "ನೋಡೋ, ಸೋಮವಾರದಿಂದ ಎಲ್ಲಾರಂಗೆ ಲುಂಗಿ, ಬನೀನಿನಾಗೆ ಬಂದ್ರೆ ಬಾ. ಇಲ್ಲಾಂದ್ರೆ ಬರಬ್ಯಾಡ. ಚೀಲ ಹೊಲಿಯೋಕೆ ಇಸ್ತ್ರಿ ಯಾಕೋ ನಿನಗೆ?"

ಕರಿಬಸಪ್ಪ ದಾರದ ಉಂಡೆ ಸುತ್ತುತ್ತ ಹೇಳಿದ. "ಬೀಗರ ಮನಿಗೆ ವರ್ಷಕ್ಕೊಮ್ಮೆ ಹೋಗ್ತೀನ್ರೀ ಯಜಮಾನ್ರೇ. ಇಲ್ಲಿಗೆ ದಿನಾ ಬರ್ತೀನಿ. ಎರಡು ಹೊತ್ತು ಅನ್ನ ಹಾಕೋದು ಬೀಗರಲ್ಲ, ಈ ದಬ್ಬಣ. ಯಾರ ಮುಂದೆ ಚಂದಾಗಿ ಕೂರಬೇಕು ಹೇಳ್ರಿ? ಆಗ್ಲಿ ಬಿಡ್ರಿ, ನೀವು ಹೇಳ್ದಂಗೆ ಬರ್ತೀನಿ."

ಉತ್ತರ ಸಿಗದಾಗ ದೊಡ್ಡವರು ಏನು ಮಾಡುತ್ತಾರೆ? ಕೆಮ್ಮುತ್ತಾರೆ. ಸಾವ್ಕಾರನೂ ಕೆಮ್ಮಿ ಮನೆಗೆ ಹೋದ.

ಮರುದಿನ ಭಾನುವಾರ. ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಹತ್ತು ಗಂಟೆಗೆ ಬರುವವರಿದ್ದರು. ಒಳ್ಳೆಯ ಮನೆತನ. ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಆಗಲೇ ಮೆಚ್ಚಿದ್ದರು, ಹಿರಿಯರು ಹೂಂ ಅನ್ನುವುದೊಂದೇ ಬಾಕಿ. ಇದು ಕೈತಪ್ಪಬಾರದೆಂದು ಸಾವ್ಕಾರ ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆದರೆ ಬಟ್ಟೆಯ ಚಿಂತೆ ಮಾತ್ರ ಇರಲಿಲ್ಲ. ಯಾಕೆ? ಟ್ರಂಕಿನಲ್ಲಿ ರೇಷ್ಮೆ ಇತ್ತು! ತಮ್ಮನ ಮದುವೆಯಲ್ಲಿ ಒಂದು ಹೊತ್ತು ಉಟ್ಟಿದ್ದ ಜರಿಯಂಚಿನ ಪಂಚೆ, ರೇಷ್ಮೆ ಜುಬ್ಬ, ಶಲ್ಯ. ಹದಿನೆಂಟು ವರ್ಷದಿಂದ ಮಡಚಿ, ನುಸಿಗುಳಿಗೆ ಹಾಕಿ, ಬೀಗ ಹಾಕಿ ಇಟ್ಟಿದ್ದ. ಹಬ್ಬ ಬಂದರೆ, "ಇರಲಿ, ಹಾಳಾದೀತು." ಜಾತ್ರೆ ಬಂದರೆ, "ಇರಲಿ, ಮುಂದೆ ಬೇಕಾದೀತು."

ಬೇಕಾಯಿತು. ಒಂಬತ್ತು ಗಂಟೆಗೆ ಟ್ರಂಕು ತೆಗೆದು ಪಂಚೆ ಕೊಡವಿದ. ಚರ್ ಅಂದಿತು! ಮಡಿಕೆ ಮಡಿಕೆಗೂ ಸೀಳಿತ್ತು. ಜುಬ್ಬ ಎತ್ತಿದ, ತೋಳು ಕೈಗೆ ಬಂತು, ಜುಬ್ಬ ಟ್ರಂಕಿನಲ್ಲೇ ಉಳಿಯಿತು.

"ಇಲಿ ಕಡಿದೈತೇನೇ ಇದನ್ನ?" ಎಂದು ಕೂಗಿದ.

ಹೆಂಡತಿ ಬಂದು ನೋಡಿದಳು. "ಇಲಿ ಯಾಕೆ ಕಡೀತೈತ್ರೀ? ಉಡ್ಲಿಲ್ಲ ನೀವು, ಅದಕ್ಕೇ ಹರಿದೈತಿ. ರೇಷ್ಮೆ ಮಡಿಕೆ ಬದಲಿಸದೆ ಇಟ್ರೆ ಮಡಿಕೆನಾಗೇ ಸಾಯ್ತೈತಿ."

ಮಿಕ್ಕ ಬಟ್ಟೆಗಳೆಲ್ಲ ಮಸಿಯ ಗುರುತಿನವು. ಅಂಗಡಿಗಳು ಬಾಗಿಲು ತೆರೆಯದ ಹೊತ್ತು. ಸಾವ್ಕಾರ ತಲೆಯ ಮೇಲೆ ಕೈಹೊತ್ತು ಕುಳಿತ. ಆಗ ಒಳಗಿನಿಂದ ಮಗಳು ಹೇಳಿದಳು. "ಅಪ್ಪಾಜಿ, ಮಸಿ ಇಲ್ದಿರೋ ಅಂಗಿ ನಮ್ಮ ಭಟ್ಟಿನಾಗೆ ಒಬ್ರ ಹತ್ರನೇ ಇರೋದು."

ನಿನ್ನೆ ಯಾರ ಅಂಗಿಯನ್ನು ಬೇಡ ಅಂದಿದ್ದನೋ ಇಂದು ಅವನ ಬಾಗಿಲಿಗೇ ಹೋಗಬೇಕು! ಹೋದ. ಮಗಳಿಗಾಗಿ ಯಾವ ಅಪ್ಪ ಹೋಗುವುದಿಲ್ಲ? ಕರಿಬಸಪ್ಪ ಅಂಗಳದಲ್ಲಿ ಲುಂಗಿ, ಬನಿಯನ್ನಿನಲ್ಲಿ ಬಟ್ಟೆ ಒಗೆಯುತ್ತಿದ್ದ. ಇದ್ದದ್ದೇ ಎರಡು ಜೊತೆ, ಒಂದು ಬಕೆಟ್ಟಿನಲ್ಲಿ, ಇನ್ನೊಂದು ಇಸ್ತ್ರಿಯಾಗಿ ಗೂಟದಲ್ಲಿ. ಸಾವ್ಕಾರ ಹೇಳಿದ ಸಂಗತಿ ಕೇಳಿದ. ಒಂದು ಕುಹಕವಿಲ್ಲ, ಒಂದು ಮುಗುಳ್ನಗೆಯಿಲ್ಲ. ಗೂಟದಿಂದ ತೆಗೆದು ಎರಡೂ ಕೈಯಿಂದ ಕೊಟ್ಟ.

"ತೋಳು ಒಂದೀಟು ಗಿಡ್ಡ ಆಗ್ತೈತ್ರೀ. ಕೈ ಬಾಳ ಎತ್ತಬ್ಯಾಡ್ರಿ."

"ನೀನೂ ಬಾರೋ" ಎಂದ ಸಾವ್ಕಾರ.

ಬೀಗರಾಗುವವರು ಬಂದರು. ಹುಡುಗನ ಅಜ್ಜಿಯೇ ಆ ಮನೆಯ ಹೈಕೋರ್ಟು. ಅವಳು ಸಾವ್ಕಾರನನ್ನು ಮೇಲಿಂದ ಕೆಳಗೆ ನೋಡಿ, "ಭಟ್ಟಿ ಇಟ್ಟೋರು ಅಂದ್ರೆ ಹೆಂಗಿರ್ತಾರೋ ಅನ್ಕೊಂಡಿದ್ದೆ. ಎಷ್ಟು ಚಂದ ಉಟ್ಟೀರಪ್ಪಾ! ದುಡಿಯೋ ಮನುಷ್ಯ ಹಿಂಗಿರಬೇಕು" ಎಂದಳು.

ಅಷ್ಟರಲ್ಲಿ ಕರಿಬಸಪ್ಪ ಬಂದ. ಒದ್ದೆ ಅಂಗಿಗೇ ಇಸ್ತ್ರಿ ಉಜ್ಜಿ ತೊಟ್ಟು ಬಂದಿದ್ದ, ಬೆನ್ನು ಇನ್ನೂ ಹಸಿ. ಅಜ್ಜಿ ಕೇಳಿದಳು, "ಇವರು ಯಾರು? ನಿಮ್ಮ ತಮ್ಮನೇನು? ಇಬ್ರದೂ ಒಂದೇ ಥಾನಿನಾಗೆ ಕತ್ತರಿಸಿದ ಬಟ್ಟೆ ಇದ್ದಂಗೈತಿ."

ಸಾವ್ಕಾರ ಹೂಂ ಅಂದರೆ ಮುಗಿಯಿತು. ಅಜ್ಜಿ ಮೆಚ್ಚಿದ್ದಾಳೆ, ಸಂಬಂಧ ಕೈಯಲ್ಲಿದೆ. ನಿಜ ಹೇಳಿದರೆ? ಎರವಲು ಅಂಗಿಯವರ ಮನೆಯ ಹೆಣ್ಣು ಬೇಡವೆಂದು ಎದ್ದುಹೋದರೆ? ಬಾಗಿಲ ಸಂದಿಯಲ್ಲಿ ಮಗಳ ಸೀರೆಯ ಅಂಚು ಕಾಣುತ್ತಿತ್ತು. ನಿಮ್ಮನ್ನೇ ಕೇಳುತ್ತೇನೆ, ಆ ಜಾಗದಲ್ಲಿ ನೀವಿದ್ದರೆ ಏನು ಹೇಳುತ್ತಿದ್ದಿರಿ?

ಸಾವ್ಕಾರ ಕೆಮ್ಮಿದ. ಈ ಸಲ ಕೆಮ್ಮಿ ಸುಮ್ಮನಾಗಲಿಲ್ಲ. "ಅಮ್ಮಾ, ಇವ್ರು ಕರಿಬಸಪ್ಪ. ನಮ್ಮಲ್ಲಿ ಚೀಲ ಹೊಲೀತಾರೆ. ದಿನಾ ಹಿಂಗೇ ಬರ್ತಾರೆ. ನಾನು ದಿನಾ ಹರಕು ಬನೀನಿನಾಗೆ ಇರ್ತೀನಿ. ಇದು ನನ್ನ ಅಂಗಿ ಅಲ್ಲ, ಇವ್ರದು. ನನ್ನ ರೇಷ್ಮೆ ಟ್ರಂಕಿನಾಗೇ ಹರಿದುಹೋತು."

ಅಜ್ಜಿ ಮುಂದೆ ಬಾಗಿ ಅವನ ಗಿಡ್ಡ ತೋಳನ್ನು ಹಿಡಿದು ನೋಡಿದಳು. ಆಮೇಲೆ ನಕ್ಕಳು ನೋಡಿ, ಹಲ್ಲಿಲ್ಲದ ಬಾಯಿ ತುಂಬ!

"ಅಂಗಿ ಎರವಲು ಆದ್ರೇನಪ್ಪಾ, ಮಾತು ನಿನ್ನ ಸ್ವಂತದ್ದು. ಹೆಣ್ಣು ಕೊಡೋ ಮನಿಯಾಗೆ ನಿಜ ಹೇಳೋರನ್ನ ನಾನು ಕಂಡೇ ಇಲ್ಲ. ಸಂಬಂಧ ಗಟ್ಟಿ ಆತು, ಎಲ್ಲಿ, ಸಕ್ಕರೆ ತರ್ರಿ!"

ಸೋಮವಾರ ಬೆಳಿಗ್ಗೆ ಸಾವ್ಕಾರ ಅದೇ ಬಿಳಿ ಅಂಗಿ ತೊಟ್ಟು ಭಟ್ಟಿಗೆ ಬಂದ. ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಹಿಂದೆಯೇ ಕರಿಬಸಪ್ಪ ಬಂದ. ಹೇಗೆ ಬಂದ? ಲುಂಗಿ, ಬನಿಯನ್ನಿನಲ್ಲಿ!

"ಯಾಕೋ ಹಿಂಗೆ?" ಎಂದ ಸಾವ್ಕಾರ.

"ಸೋಮವಾರದಿಂದ ಅಂದಿದ್ರಲ್ರೀ. ಸಕ್ಕರೆ ಸಡಗರದಾಗೆ ಆ ಮಾತು ನೀವು ವಾಪಸು ತಗೊಳ್ಳಲೇ ಇಲ್ಲ."

ಹಾಸ್ಯ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಚೀಲ ಹೊಲಿಯುವ ಜಾಗದಲ್ಲಿ ಬಿಳಿ ಅಂಗಿ ಇಲ್ಲದ ಭಟ್ಟಿ ಅವತ್ತೇ ಮೊದಲ ಸಲ ಅವರಿಗೆ ಕಪ್ಪಾಗಿ ಕಂಡಿತು. ಸಾವ್ಕಾರ ಅವನ ಹೆಗಲು ಹಿಡಿದು ತಿರುಗಿಸಿ, "ತಪ್ಪಾತು ಕರಿಬಸಪ್ಪ. ಹೋಗು, ಉಟ್ಕೊಂಡು ಬಾ" ಎಂದು ಮನೆಗೆ ಅಟ್ಟಿದ. ಗಳಿಗೆ ಹೊತ್ತಿನಲ್ಲಿ ಇಸ್ತ್ರಿಯ ಗೆರೆ ಬಾಗಿಲಲ್ಲಿ ಮಿಂಚಿತು.

"ಮದುಮಗ ಬಂದ್ನಪ್ಪೋ! ದಿಬ್ಬಣ ಎಲ್ಲಿ?" ಎಂದು ಭಟ್ಟಿ ಕೂಗಿತು. ಈ ಸಲ ಉತ್ತರ ಕೊಟ್ಟವನು ಸಾವ್ಕಾರ. "ದಿಬ್ಬಣ ಮುಂದಿನ ತಿಂಗಳು ನಮ್ಮ ಮನಿಗೆ ಬರ್ತೈತಿ. ಎಲ್ಲಾರೂ ಬರಬೇಕು. ತೂತು ಬನೀನು ಹಾಕ್ಕೊಂಡು ಬಂದ್ರೆ ಊಟ ಇಲ್ಲ!"

ಕಥೆ ಇಷ್ಟೇ. ನೀವು ನಕ್ಕಿರಿ. ಯಾರನ್ನು ನೋಡಿ ನಕ್ಕಿರಿ? ಆ ಟ್ರಂಕು ನಿಮ್ಮ ಮನೆಯಲ್ಲಿಲ್ಲವೇ? ಒಳ್ಳೆಯ ಲೋಟ ನೆಂಟರಿಗೆ, ಸೊಟ್ಟ ಲೋಟ ನಮಗೆ. ಇರಲಿ, ಲೋಟ ಹೋಗಲಿ. ಒಳ್ಳೆಯ ಮಾತು ಯಾರಿಗೆ? ಅಪರಿಚಿತ ಫೋನು ಮಾಡಿದರೆ, "ಹೇಳಿ ಸಾರ್, ಊಟ ಆಯ್ತಾ ಸಾರ್?" ಇಪ್ಪತ್ತು ವರ್ಷ ಅನ್ನ ಬಡಿಸಿದ ಹೆಂಡತಿ ಕರೆದರೆ, "ಏನೇ ನಿಂದು?" ಒಳ್ಳೆಯ ಮುಖ ಬೀಗರಿಗೆ, ಹರಕು ಮುಖ ಮನೆಯವರಿಗೆ. ಅಮ್ಮಂದಿರೇ, ನೀವೂ ನಗಬೇಡಿ. ನಿಮ್ಮ ನಗೆ ಯಾವ ಟ್ರಂಕಿನಲ್ಲಿದೆ ಎಂದು ನಿಮ್ಮ ಸೊಸೆಯಂದಿರಿಗೆ ಗೊತ್ತಿದೆ. ಉಟ್ಟ ಬಟ್ಟೆ ಹರಿಯುವುದು ನಿಧಾನ, ಮಡಚಿಟ್ಟದ್ದು ಮಡಿಕೆಯಲ್ಲೇ ಸಾಯುತ್ತದೆ. ಪ್ರೀತಿಯೂ ಹಾಗೆ, ಮರ್ಯಾದೆಯೂ ಹಾಗೆ.

ಅದಕ್ಕೇ, ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ಹೊಸ ಬಟ್ಟೆ ಕೊಳ್ಳಬೇಡಿ. ಇರುವುದನ್ನೇ ಒಗೆದು, ಒಂದು ಗೆರೆ ಇಸ್ತ್ರಿ ಹಾಕಿ, ಅನ್ನ ಕೊಡುವ ಕೆಲಸದ ಮುಂದೆ ಚಂದಾಗಿ ಕೂರಿ. ಜೊತೆಯಲ್ಲೊಬ್ಬ ಚಂದಾಗಿ ಬಂದರೆ ಅವನನ್ನು ಎಳೆದು ಮಸಿಗೆ ಇಳಿಸಬೇಡಿ. ಹೊರಡುವಾಗ ಮನೆಯವರಿಗೆ, ಬೀಗರಿಗೆ ಹೇಳುವ ಹಾಗೆ, ನಗುತ್ತ "ಹೋಗಿ ಬರ್ತೀನಿ" ಅನ್ನಿ. ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ. ನೋಡಲಿ. ಮೂರು ದಿನ ನೋಡುತ್ತಾರೆ. ನಾಲ್ಕನೆಯ ದಿನ ಅವರೂ ಟ್ರಂಕಿನ ಬೀಗ ತೆಗೆಯುತ್ತಾರೆ.